ಸೋತ ಹಾಡು, ಮುಚ್ಚಿದ ಹೆಸರು

ಡಿಜೆ ತನ್ನ ಪೆಟ್ಟಿಗೆಯಿಂದ ಏಳಿಂಚಿನ ರೆಕಾರ್ಡು ತಟ್ಟೆಯೊಂದನ್ನು ತೆಗೆಯುತ್ತಾನೆ. ತಟ್ಟೆಯ ನಡುವಿನ ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿದೆ. ಕಾಗದದ ಮೇಲೆ ಪೆನ್ನಿನಲ್ಲಿ ಬರೆದ ಒಂದು ಹೆಸರು. ಆ ಹೆಸರಿನವನು ಈ ಹಾಡು ಹಾಡಿದವನಲ್ಲ. ಹಾಡಿದವನ ಹೆಸರು ಕಾಗದದ ಅಡಿಯಲ್ಲಿದೆ, ಅದು ಯಾರ ಕಣ್ಣಿಗೂ ಬೀಳಬಾರದೆಂದೇ ಈ ಏರ್ಪಾಡು. ಮುಳ್ಳು ಇಳಿಯುತ್ತದೆ. ನೂರಾರು ಹುಡುಗರು ಹುಡುಗಿಯರು ಮರದ ನೆಲದ ಮೇಲೆ ಟಾಲ್ಕಂ ಪೌಡರು ಚೆಲ್ಲಿಕೊಂಡು, ಜಾರುತ್ತ, ಗಿರಗಿರನೆ ತಿರುಗುತ್ತ, ಬಿದ್ದಂತೆ ಮಾಡಿ ಎದ್ದು ಕುಣಿಯುತ್ತಾರೆ. ಅವರಿಗೆ ಈ ಹಾಡೆಂದರೆ ಪ್ರಾಣ. ಯಾರು ಹಾಡಿದ್ದು ಎಂದು ಕೇಳಿದರೆ ಕಾಗದದ ಮೇಲಿನ ಸುಳ್ಳು ಹೆಸರನ್ನೇ ಭಕ್ತಿಯಿಂದ ಹೇಳುತ್ತಾರೆ.

1970ರ ದಶಕದಲ್ಲಿ ಇಂಗ್ಲೆಂಡಿನ ಉತ್ತರದ ಊರುಗಳ ಕ್ಲಬ್ಬುಗಳಲ್ಲಿ ಇದು ಮಾಮೂಲು ಸಂಗತಿ. ಆ ಬಳಗವನ್ನು 'ನಾರ್ದರ್ನ್ ಸೋಲ್' ಎಂದು ಕರೆಯುತ್ತಾರೆ. ಲೇಬಲ್ಲು ಮುಚ್ಚುವ ಕಸುಬಿಗೆ ಅವರ ಬಾಯಲ್ಲಿ 'ಕವರ್ ಅಪ್' ಎಂದು ಹೆಸರು. ಸಂಗೀತದ ಚರಿತ್ರೆಯಲ್ಲಿ ಇದಕ್ಕೆ ಒಂದು ಅಡಿಟಿಪ್ಪಣಿಯ ಜಾಗ ಸಿಕ್ಕರೆ ಹೆಚ್ಚು. ಆದರೆ ಇದರ ಬಗ್ಗೆ ಓದಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಬ್ಬರ ಕೆಲಸವನ್ನು ಅಷ್ಟೊಂದು ಪ್ರೀತಿಸುವವರಿಗೆ ಅವರ ಹೆಸರನ್ನು ಮುಚ್ಚಿಡಲು ಮನಸ್ಸಾದರೂ ಹೇಗೆ ಬರುತ್ತದೆ?

ಮೊದಲಿನಿಂದ ಹೇಳಬೇಕು. 1963ರ ಜನವರಿಯಲ್ಲಿ ಮ್ಯಾಂಚೆಸ್ಟರ್ ನಗರದ ಬ್ರೇಝನೋಸ್ ಬೀದಿಯಲ್ಲಿ ಅಬಾದಿ ಸಹೋದರರು 'ಟ್ವಿಸ್ಟೆಡ್ ವೀಲ್' ಎಂಬ ಕ್ಲಬ್ಬು ತೆರೆದರು. ಕ್ಲಬ್ಬು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಗ್ಲಾಸು, ಇಸ್ಪೀಟು ಅಲ್ಲಿರಲಿಲ್ಲ. ಕಾಫಿ, ತಂಪು ಪಾನೀಯ, ಹಾಡು, ಇಷ್ಟೇ. ಶನಿವಾರ ರಾತ್ರಿ ಶುರುವಾದರೆ ಮುಗಿಯುತ್ತಿದ್ದುದು ಭಾನುವಾರ ಬೆಳಗಾದ ಮೇಲೆ. ವಾರವೆಲ್ಲ ಗಿರಣಿಯಲ್ಲೋ ಕಾರ್ಖಾನೆಯಲ್ಲೋ ಮೈಮುರಿದವರು ಒಂದು ರಾತ್ರಿಯನ್ನು ತಮ್ಮದಾಗಿ ಮಾಡಿಕೊಳ್ಳುತ್ತಿದ್ದರು. ರೋಜರ್ ಈಗಲ್ ಎಂಬ ಯುವಕ ಅಲ್ಲಿನ ಡಿಜೆ. ಅಮೆರಿಕದ ಕಪ್ಪು ಜನರ ಬ್ಲೂಸ್, ಜಾಜ್, ಸೋಲ್ ಎಲ್ಲವನ್ನೂ ಕೇಳಿಸಬೇಕೆಂಬ ಹಂಬಲ ಅವನದು. 1965ರಲ್ಲಿ ಕ್ಲಬ್ಬು ವಿಟ್‌ವರ್ತ್ ಬೀದಿಗೆ ಬಂತು. ಅಷ್ಟು ಹೊತ್ತಿಗೆ ಕುಣಿಯುವವರ ರುಚಿ ಒಂದೇ ದಿಕ್ಕಿಗೆ ತಿರುಗಿತ್ತು. ನಿದ್ದೆಗೆಟ್ಟು ಕುಣಿಯಲು ಹಲವರು ಆಂಫೆಟಮಿನ್ ಮಾತ್ರೆ ನುಂಗುತ್ತಿದ್ದರು; ಮಾತ್ರೆ ನುಂಗಿದ ಕಾಲಿಗೆ ವೇಗದ ಹಾಡೇ ಬೇಕು. ನಿಧಾನದ ಬ್ಲೂಸ್ ಯಾರಿಗೆ ಬೇಕು? ಈಗಲ್ ಬೇಸತ್ತು ಬಿಟ್ಟುಹೋದ. ಪೊಲೀಸರ ಕಣ್ಣು, ಮಾತ್ರೆಯ ಕೆಟ್ಟ ಹೆಸರು ಎಲ್ಲ ಸೇರಿ 1971ರ ಆರಂಭದಲ್ಲಿ ಕ್ಲಬ್ಬು ಮುಚ್ಚಿತು. ಮಾತ್ರೆಗಾಗಿ ಔಷಧದಂಗಡಿಗೆ ಕನ್ನ ಹಾಕಿದವರೂ ಆ ಬಳಗದಲ್ಲಿದ್ದರು. ಇದನ್ನು ಹೇಳದೆ ಮುಂದೆ ಹೋದರೆ ಈ ಬರಹವೂ ಒಂದು ಕವರ್ ಅಪ್ ಆದೀತು.

ಬಳಗಕ್ಕೆ ಹೆಸರಿಟ್ಟವನು ಉತ್ತರದವನಲ್ಲ, ಲಂಡನ್ನಿನ ಡೇವ್ ಗೋಡಿನ್. ಕೋವೆಂಟ್ ಗಾರ್ಡನ್ನಿನಲ್ಲಿ ಅವನದೊಂದು ರೆಕಾರ್ಡಿನ ಅಂಗಡಿ ಇತ್ತು, 'ಸೋಲ್ ಸಿಟಿ'. ಉತ್ತರದ ಫುಟ್ಬಾಲ್ ತಂಡಗಳ ಬೆಂಬಲಿಗರು ಪಂದ್ಯ ನೋಡಲು ಲಂಡನ್ನಿಗೆ ಬಂದಾಗ ಅಲ್ಲಿಗೂ ಬರುತ್ತಿದ್ದರು. ಲಂಡನ್ ಆಗಲೇ ಹೊಸ ಫಂಕ್ ಶೈಲಿಯ ಕಡೆ ಹೊರಟಿತ್ತು. ಇವರು ಮಾತ್ರ ಮೂರು ನಾಲ್ಕು ವರ್ಷ ಹಳೆಯ, ಡೆಟ್ರಾಯ್ಟಿನ ಮೋಟೌನ್ ಕಂಪನಿಯ ಧಾಟಿಯ ವೇಗದ ಹಾಡು ಕೇಳುತ್ತಿದ್ದರು. ಇಂಥವರು ಬಂದರೆ ಹೊಸ ಸರಕು ತೋರಿಸಿ ಹೊತ್ತು ಕಳೆಯಬೇಡಿ, 'ನಾರ್ದರ್ನ್ ಸೋಲ್' ತೋರಿಸಿ ಎಂದು 1968ರ ಸುಮಾರಿಗೆ ಅವನು ಅಂಗಡಿಯ ಹುಡುಗರಿಗೆ ಹೇಳಿಕೊಟ್ಟ. ಗಿರಾಕಿಯನ್ನು ಗುರುತಿಸಲು ಹುಟ್ಟಿದ ಮಾತು 1970ರಲ್ಲಿ 'ಬ್ಲೂಸ್ ಅಂಡ್ ಸೋಲ್' ಪತ್ರಿಕೆಯ ಅವನ ಅಂಕಣದ ಮೂಲಕ ಅಚ್ಚಿಗೆ ಬಂದು ಒಂದು ಪಂಥದ ಹೆಸರಾಯಿತು.

ಗೋಡಿನ್ ಬಗ್ಗೆ ಇನ್ನೊಂದು ಮಾತು. ಬ್ರಿಟನ್ನಿನಲ್ಲಿ ಮೋಟೌನ್ ಗಾಯಕರ ಅಭಿಮಾನಿ ಸಂಘ ಕಟ್ಟಿದವನು ಇವನೇ. ಆ ಉತ್ಸಾಹ ನೋಡಿ ಕಂಪನಿಯ ಒಡೆಯ ಬೆರಿ ಗಾರ್ಡಿ 1964ರಲ್ಲಿ ಅವನನ್ನು ಡೆಟ್ರಾಯ್ಟಿಗೆ ಕರೆಸಿಕೊಂಡಿದ್ದ. ಹಾಡಿದವರು ಯಾರು, ಬರೆದವರು ಯಾರು ಎಂದು ಸಾರುವುದನ್ನೇ ಅವನು ಬದುಕಿನ ಕೆಲಸ ಮಾಡಿಕೊಂಡಿದ್ದ. ಅವನು ಹೆಸರಿಟ್ಟ ಬಳಗವೇ ಮುಂದೆ ಹೆಸರು ಮುಚ್ಚುವುದರಲ್ಲಿ ಪಳಗಿತು.

ಅದಕ್ಕೂ ಒಂದು ಕಾರಣವಿತ್ತು. ಅಮೆರಿಕ ಕೈಬಿಟ್ಟ ಧಾಟಿಯನ್ನು ಇವರು ಹಿಡಿದು ಕೂತಿದ್ದರು. ಆ ಧಾಟಿಯಲ್ಲಿ ಹೊಸ ಹಾಡು ಬರುವುದು ನಿಂತಿತ್ತು. ಹೆಸರಾಂತ ಹಾಡುಗಳು ಕೇಳಿ ಕೇಳಿ ಸವೆದಿದ್ದವು. ಉಳಿದದ್ದು ಒಂದೇ ದಾರಿ: ಯಾರೂ ಕೇಳದೇ ಹೋದ ಹಳೆಯ ಹಾಡುಗಳನ್ನು ಹುಡುಕುವುದು. ಮೋಟೌನ್ ಗೆದ್ದ ಮೇಲೆ ಡೆಟ್ರಾಯ್ಟ್, ಶಿಕಾಗೋ, ಫಿಲಡೆಲ್ಫಿಯಾಗಳಲ್ಲಿ ಸಣ್ಣಪುಟ್ಟ ಕಂಪನಿಗಳು ನಾಯಿಕೊಡೆಗಳಂತೆ ಎದ್ದಿದ್ದವು. ಮೋಟೌನ್‌ನಲ್ಲಿ ಹಗಲು ನುಡಿಸಿದ ವಾದ್ಯಗಾರರೇ ಕಂಪನಿಯ ಕಣ್ಣು ತಪ್ಪಿಸಿ ಇವುಗಳಿಗೂ ನುಡಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಹಾಡು ಚೆನ್ನಾಗಿರುತ್ತಿತ್ತು. ಆದರೆ ಹಂಚುವ ಜಾಲವಿಲ್ಲ, ರೇಡಿಯೋದವರನ್ನು ಒಲಿಸಿಕೊಳ್ಳಲು ದುಡ್ಡಿಲ್ಲ. ಕೆಲವು ನೂರು ತಟ್ಟೆ ಒತ್ತಿಸಿ, ಒಂದಷ್ಟು ಮಾರಿ, ಉಳಿದದ್ದು ಗೋದಾಮಿನಲ್ಲಿ ದೂಳು ತಿನ್ನುತ್ತಿತ್ತು. ಹಾಡಿದವರು ಬೇರೆ ದುಡಿಮೆ ನೋಡಿಕೊಂಡರು.

ಆ ದೂಳಿನಿಂದ ಎತ್ತಿ ತಂದ ತಟ್ಟೆಗಳೇ ಮ್ಯಾಂಚೆಸ್ಟರ್, ವುಲ್ವರ್‌ಹ್ಯಾಂಪ್ಟನ್, ಸ್ಟೋಕ್, ಬ್ಲಾಕ್‌ಪೂಲ್, ವಿಗನ್‌ಗಳ ಬಂಗಾರ. ಅಲ್ಲಿ ಲೆಕ್ಕವೇ ತಲೆಕೆಳಗು. ಅಮೆರಿಕದಲ್ಲಿ ಹತ್ತು ಲಕ್ಷ ಮಾರಿದರೆ ಗೆಲುವು. ಇಲ್ಲಿ ಹತ್ತೇ ಪ್ರತಿ ಉಳಿದಿದ್ದರೆ ಗೆಲುವು. ಸೋಲ್ ಎಂಬ ಇಂಗ್ಲಿಷ್ ಪದ ನಮ್ಮ ಕಿವಿಗೆ ಸೋಲು ಎಂದೇ ಬೀಳುತ್ತದೆ. ಈ ಒಂದು ಬಳಗದ ಮಟ್ಟಿಗೆ ಎರಡಕ್ಕೂ ಅರ್ಥ ಒಂದೇ ಆಗಿತ್ತು. ಲೋಕವೆಲ್ಲ ಗೆದ್ದೆತ್ತಿನ ಬಾಲ ಹಿಡಿಯುವಾಗ, ಸೋತ ಎತ್ತನ್ನು ಕೊಟ್ಟಿಗೆಯಿಂದ ಬಿಡಿಸಿ ತಂದು ಮೈ ತೊಳೆದು ಕೊಂಬಿಗೆ ಗೊಂಡೆ ಕಟ್ಟಿದವರು ಇವರು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಯಾವ ಜಾಹೀರಾತೂ ಹೇಳಿಕೊಡದ ರುಚಿ ಅದು, ತಮ್ಮ ಕಾಲನ್ನು ನಂಬಿ ತಾವೇ ಕಂಡುಕೊಂಡದ್ದು.

ಮೆಚ್ಚುಗೆಗೆ ತೊಡಕು ಬರುವುದು ಹುಡುಕಾಟದಿಂದಲೇ. ಬ್ಲಾಕ್‌ಪೂಲಿನ ಡಿಜೆ ಇಯಾನ್ ಲೆವಿನ್ ಮನೆಯವರೊಡನೆ ಮಯಾಮಿಗೆ ರಜೆಗೆ ಹೋದಾಗ ಸಾವಿರಗಟ್ಟಲೆ ಹಳೆಯ ತಟ್ಟೆ ಜಾಲಾಡಿ ತರುತ್ತಿದ್ದ. ವಿಗನ್ನಿನ ಎದುರಾಳಿ ಡಿಜೆಗಳಿಗೆ ಅವನಲ್ಲಿಲ್ಲದ್ದು ಬೇಕು, ಅವನಿಗೆ ಅವರಲ್ಲಿಲ್ಲದ್ದು ಬೇಕು. ಹಾಡಿನ ಹೆಸರು ಬಯಲಾದರೆ ಎದುರಾಳಿ ನಾಳೆಯೇ ಇನ್ನೊಂದು ಪ್ರತಿ ತರಿಸಿಯಾನು, ಕಳ್ಳ ಪ್ರತಿ ಒತ್ತಿಸಿ ಮಾರುವವರು ಕಾದೇ ಇದ್ದಾರೆ. ಹಾಗಾಗಿ ಕಾಗದ ಬಂತು, ಗೋಂದು ಬಂತು. ಇದೇನೂ ಇವರು ಕಂಡುಹಿಡಿದದ್ದಲ್ಲ. ಜಮೈಕಾದ ಬೀದಿ ಡಿಜೆಗಳು 1950ರ ದಶಕದಲ್ಲೇ ಲೇಬಲ್ಲು ಕೆರೆದು ಹಾಕುತ್ತಿದ್ದರು. ಕಾಕ್ಸನ್ ಡಾಡ್ ಎಂಬಾತ ಅಮೆರಿಕದ ವಿಲ್ಲಿಸ್ ಜಾಕ್ಸನ್ ನುಡಿಸಿದ ತಟ್ಟೆಯೊಂದಕ್ಕೆ ತನ್ನ ಹೆಸರನ್ನೇ ಇಟ್ಟುಬಿಟ್ಟಿದ್ದ.

ಕಳ್ಳ ಪ್ರತಿಯ ಭಯ ನಿಜವಾದದ್ದೇ. ಆದರೆ ಅದೊಂದೇ ಕಾರಣವಾಗಿರಲಾರದು ಎಂದು ನನಗನ್ನಿಸುತ್ತದೆ. ಹುಡುಕಿದವನು ಹಡೆದವನಂತೆ ಬೀಗಲು ಶುರುಮಾಡಿದ. 'ಅದು ಅವನ ಹಾಡು' ಎಂದರೆ ಡಿಜೆಯ ಹಾಡು ಎಂದೇ ಅರ್ಥ. ನಗುವ ಮೊದಲು ನಮ್ಮನ್ನು ನೋಡಿಕೊಳ್ಳಬೇಕು: ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನೆಲ್ಲ ನಾವು 'ರಾಜ್‌ಕುಮಾರ್ ಹಾಡು' ಎಂದೇ ಕರೆದು ಬೆಳೆದವರು. ಅಲ್ಲಿ ಮೋಸವಿರಲಿಲ್ಲ ನಿಜ, ಪರದೆಯ ಮೇಲಿನ ಮುಖ ಹೆಸರನ್ನು ತನ್ನ ಕಡೆಗೆ ಎಳೆದುಕೊಂಡಿತು ಅಷ್ಟೇ. ಬೆಳಕು ಯಾರ ಮೇಲೆ ಬೀಳುತ್ತದೋ ಹೆಸರೂ ಅವರದೇ ಆಗಿಬಿಡುತ್ತದೆ.

ಫ್ರಾಂಕ್ ವಿಲ್ಸನ್‌ನ ಕತೆಯನ್ನು ಸ್ವಲ್ಪ ನಿಂತು ಹೇಳಬೇಕು. 1965ರಲ್ಲಿ ಈ ಯುವಕ ಮೋಟೌನ್ ಕಂಪನಿಗಾಗಿ 'ಡು ಐ ಲವ್ ಯೂ' ಎಂಬ ಹಾಡು ಹಾಡಿದ. ರೇಡಿಯೋಗಳಿಗೆ ಕಳಿಸಲು ಸುಮಾರು 250 ಮಾದರಿ ಪ್ರತಿ ಒತ್ತಿದರು. ಆ ಹೊತ್ತಿಗೆ, ಗಾಯಕನಾಗುವುದಕ್ಕಿಂತ ತೆರೆಯ ಹಿಂದೆ ಹಾಡು ಬರೆದು ನಿರ್ಮಿಸುವುದೇ ಲೇಸೆಂದು ಅವನು ಮನಸ್ಸು ಬದಲಿಸಿದ. ತಟ್ಟೆಗಳನ್ನು ನಾಶಮಾಡಿದರು. ಹೇಗೋ ಒಂದೆರಡು ಉಳಿದವು. ಅದರಲ್ಲೊಂದು 1970ರ ದಶಕದ ಕೊನೆಗೆ ಅಟ್ಲಾಂಟಿಕ್ ದಾಟಿ ವಿಗನ್ ತಲುಪಿತು. ಕುಣಿಯುವವರು ಹುಚ್ಚೆದ್ದರು. ಆದರೆ ಅವರಿಗೆ ಗೊತ್ತಿದ್ದ ಗಾಯಕನ ಹೆಸರು ಎಡ್ಡಿ ಫಾಸ್ಟರ್. ಕಾಗದದ ಮೇಲಿದ್ದ ಹೆಸರು ಅದು. ಫ್ರಾಂಕ್ ವಿಲ್ಸನ್ ಆ ವೇಳೆಗೆ ಕಂಪನಿಯನ್ನೂ ಬಿಟ್ಟು ಧರ್ಮಬೋಧಕನಾಗುವ ಹಾದಿ ಹಿಡಿದಿದ್ದ. ತನ್ನ ಹೆಸರನ್ನು ತಾನೇ ಹಿಂತೆಗೆದುಕೊಂಡವನು, ಅದರ ಮೇಲೆ ಇನ್ನೊಬ್ಬನ ಹೆಸರನ್ನು ಬೇರೆ ಯಾರೋ ಅಂಟಿಸಿದರು. ಮೊದಲನೆಯದು ಅವನ ಹಕ್ಕು. ಎರಡನೆಯದು ಯಾರ ಹಕ್ಕೂ ಅಲ್ಲ. ನಿಜ ಹೆಸರು ಹೊರಬಿದ್ದ ಮೇಲೆ ಅದೇ ತಟ್ಟೆಯ ಒಂದು ಪ್ರತಿ 2009ರಲ್ಲಿ 25,000 ಪೌಂಡಿಗೂ ಹೆಚ್ಚು ಬೆಲೆಗೆ ಹರಾಜಾಯಿತು. 2020ರಲ್ಲಿ ಒಂದು ಪ್ರತಿ 1,00,000 ಪೌಂಡಿಗೆ ಕೈಬದಲಾಯಿತು.

ಡಿಜೆಗಳನ್ನಷ್ಟೇ ದೂರುವುದೂ ಸರಿಯಲ್ಲ. ಮೋಟೌನ್‌ನ ನೂರಾರು ಹಾಡುಗಳಿಗೆ ಜೀವ ತುಂಬಿದ ವಾದ್ಯಗಾರರ ಹೆಸರನ್ನು ಆ ಕಂಪನಿಯೇ ಹತ್ತಾರು ವರ್ಷ ಅಚ್ಚು ಹಾಕಲಿಲ್ಲ. ಜೇಮ್ಸ್ ಜೇಮರ್‌ಸನ್‌ನ ಬೇಸ್ ಗಿಟಾರಿಲ್ಲದೆ ಆ ಹಾಡುಗಳೇ ಇಲ್ಲ. ಅವನೂ ಅವನ ಸಂಗಡಿಗರೂ ಮೋಟೌನ್ ಆಲ್ಬಮ್ಮಿನ ಹೊದಿಕೆಯ ಮೇಲೆ ಹೆಸರು ಕಾಣಲು 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬರಬೇಕಾಯಿತು. ಬ್ರಿಟನ್ನಿನ ಡಿಜೆ ಅಂಟಿಸಿದ ಕಾಗದ ಎರಡನೆಯ ಪದರ; ಮೊದಲ ಪದರ ಅಚ್ಚಿನ ಮನೆಯಲ್ಲೇ ಬಿದ್ದಿತ್ತು.

ಹಾಡಿದವರು ಮರೆಯಾಗಲು ಕಾಗದವೇ ಬೇಕೆಂದಿಲ್ಲ. ಗ್ಲೋರಿಯಾ ಜೋನ್ಸ್ 1960ರ ದಶಕದ ನಡುವೆ ಹಾಡಿದ 'ಟೇಂಟೆಡ್ ಲವ್' ತಟ್ಟೆಯ ಹಿಂಬದಿಯ ಹಾಡಾಗಿ ಬಂದು ಯಾರ ಗಮನಕ್ಕೂ ಬೀಳದೆ ಹೋಯಿತು. 1973ರಲ್ಲಿ ರಿಚರ್ಡ್ ಸರ್ಲಿಂಗ್ ಎಂಬ ಡಿಜೆ ಫಿಲಡೆಲ್ಫಿಯಾದಲ್ಲಿ ಅದನ್ನು ಕೊಂಡು ತಂದ. ಉತ್ತರದ ಕ್ಲಬ್ಬುಗಳಲ್ಲಿ ಅದು ಮೆರೆಯಿತು. 1981ರಲ್ಲಿ ಸಾಫ್ಟ್ ಸೆಲ್ ಎಂಬ ಜೋಡಿ ಅದನ್ನು ಮತ್ತೆ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿಸಿತು. ಇಂಥ ಮರುಹಾಡಿನಿಂದ ಬರುವ ಗೌರವಧನ ಹಾಡು ಬರೆದವರಿಗೆ ಸಲ್ಲುತ್ತದೆ, ಮೊದಲು ಹಾಡಿದವರಿಗೆ ಸಲ್ಲುವುದಿಲ್ಲ. ಕಾನೂನು ಇರುವುದೇ ಹಾಗೆ.

ಟ್ವಿಸ್ಟೆಡ್ ವೀಲ್ ಹುಟ್ಟಿದ ಬ್ರೇಝನೋಸ್ ಬೀದಿಗೆ ಮರಳುತ್ತೇನೆ. ಅದೇ ಬೀದಿಯ ಪುಟ್ಟ ಚೌಕದಲ್ಲಿ 1986ರಲ್ಲಿ ಅಬ್ರಹಾಂ ಲಿಂಕನ್‌ನ ಪ್ರತಿಮೆಯನ್ನು ತಂದು ನಿಲ್ಲಿಸಿದರು. ಕ್ಲಬ್ಬಿನ ಕಾಲದಲ್ಲಿ ಅದು ಊರಿನ ಬೇರೊಂದು ಉದ್ಯಾನದಲ್ಲಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಹತ್ತಿ ನಿಂತುಹೋಗಿ ಲ್ಯಾಂಕಶೈರಿನ ಗಿರಣಿಗಳು ಮುಚ್ಚಿದವು, ಮನೆಮನೆಯಲ್ಲಿ ಹಸಿವು. ಆಗಲೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ದುಡಿಯುವ ಜನ ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ನಿಮ್ಮ ಜತೆಗಿದ್ದೇವೆ ಎಂದು ಲಿಂಕನ್‌ಗೆ ಪತ್ರ ಬರೆದರು. ಮುಂದಿನ ಜನವರಿ 19ರಂದು ಲಿಂಕನ್ ಉತ್ತರ ಬರೆದ. ಎಲ್ಲ ಹಸಿದವರೂ ಹಾಗೆ ಯೋಚಿಸಲಿಲ್ಲ, ದಕ್ಷಿಣದ ಪರ ಕೂಗಿದವರೂ ಲ್ಯಾಂಕಶೈರಿನಲ್ಲಿದ್ದರು. ಆದರೂ ಆ ಪತ್ರ ಹೋದದ್ದು ಹೋಯಿತು.

ನೂರು ವರ್ಷದ ಮೇಲೆ, ಹತ್ತಿ ಬಿಡಿಸಿದ ಗುಲಾಮರ ಮರಿಮಕ್ಕಳು ಡೆಟ್ರಾಯ್ಟಿನಲ್ಲಿ ಹಾಡಿದರು. ಅದೇ ಹತ್ತಿಯನ್ನು ನೂತವರ ಮರಿಮಕ್ಕಳು ಮ್ಯಾಂಚೆಸ್ಟರಿನಲ್ಲಿ ಕುಣಿದರು. ಕುಣಿಯುವವರಿಗೆ ಇದು ತಿಳಿದಿತ್ತೇ ಎಂದರೆ, ತಿಳಿದಿರಬೇಕಿಲ್ಲ. ಈ ನೂಲಿನ ಒಂದು ಎಳೆ ನಮ್ಮಲ್ಲಿಗೂ ಬರುತ್ತದೆ. ಅಮೆರಿಕದ ಹತ್ತಿ ನಿಂತಾಗ ಮ್ಯಾಂಚೆಸ್ಟರಿನವರು ಧಾರವಾಡ ಸೀಮೆಯ ಕಡೆ ತಿರುಗಿದರು. ಅಮೆರಿಕದ ತಳಿಯನ್ನು ಅಲ್ಲಿ 1840ರ ದಶಕದಲ್ಲೇ ಬೆಳೆಸಿ ನೋಡಿದ್ದರು. ಮಾರುಕಟ್ಟೆಯಲ್ಲಿ ಅದಕ್ಕೆ 'ಧಾರವಾಡ ಅಮೆರಿಕನ್' ಎಂಬ ಹೆಸರಿತ್ತು. ಅದನ್ನು ಹಡಗಿಗೇರಿಸಲು ಕಾರವಾರದ ಬಂದರಿನ ಮೇಲೆ ಅವರ ಕಣ್ಣು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕವೂ ಇತ್ತು. ಮಿಸಿಸಿಪ್ಪಿಯದಾಗಲಿ ಹುಬ್ಬಳ್ಳಿಯದಾಗಲಿ, ಹತ್ತಿಯ ಅಂಡಿಗೆಯ ಮೇಲೆ ವ್ಯಾಪಾರಿಯ ಗುರುತು ಇರುತ್ತಿತ್ತು, ಬಿಡಿಸಿದವಳ ಹೆಸರು ಇರುತ್ತಿರಲಿಲ್ಲ.

ದೂರದ ಕಪ್ಪು ದನಿಯನ್ನು ಪ್ರೀತಿಸಿದವರು ಪಕ್ಕದ ಬೀದಿಯ ಕಪ್ಪು ಮನುಷ್ಯನನ್ನು ಹೇಗೆ ಕಂಡರು? ಈ ಪ್ರಶ್ನೆಯನ್ನು ಬದಿಗಿಡಲಾರೆ. ಗೋಡಿನ್ ಆ ಹೆಸರಿಟ್ಟ 1968ರಲ್ಲೇ ಸಂಸದ ಈನಕ್ ಪವೆಲ್ ವಲಸಿಗರ ವಿರುದ್ಧ ತನ್ನ ಕುಖ್ಯಾತ ಭಾಷಣ ಮಾಡಿದ. ಅವನು ಆರಿಸಿಬಂದಿದ್ದ ವುಲ್ವರ್‌ಹ್ಯಾಂಪ್ಟನ್ನಿನಲ್ಲೇ 'ಕ್ಯಾಟಕೂಂಬ್ಸ್' ಎಂಬ ಸೋಲ್ ಕ್ಲಬ್ಬೂ ಇತ್ತು. ಕುಣಿಯುವ ಬಿಳಿ ಹುಡುಗರ ಅಂಗಿಗೆ ಹೊಲಿದ ಬಿಲ್ಲೆಯ ಮೇಲೆ ಬಿಗಿಮುಷ್ಟಿಯ ಚಿತ್ರ, ಅಮೆರಿಕದ ಕಪ್ಪು ಜನರ ಹೋರಾಟದಿಂದ ತಂದದ್ದು. ಕೆಲವರಿಗೆ ಅದು ಅರ್ಥವಾಗಿತ್ತು, ಕೆಲವರಿಗೆ ಬರೀ ಬಿಲ್ಲೆಯಾಗಿತ್ತು. ಎಲ್ಲ ಬಿಲ್ಲೆಗಳ ಪಾಡೂ ಅದೇ ಅನ್ನಿ.

ವಿಗನ್ ಕ್ಯಾಸಿನೋ ಎಂಬ ಕ್ಲಬ್ಬು ಈ ಎಲ್ಲದರ ಶಿಖರ. ಗಣಿ ಮತ್ತು ಗಿರಣಿಗಳ ಆ ಊರನ್ನು ಆರ್ವೆಲ್‌ನ 1937ರ ಪುಸ್ತಕದಿಂದ ಬಲ್ಲವರು ನಮ್ಮಲ್ಲೂ ಇದ್ದಾರೆ. ಅಲ್ಲಿನ ಹಳೆಯ ನೃತ್ಯಶಾಲೆಯಲ್ಲಿ 1973ರ ಸೆಪ್ಟೆಂಬರ್ 23ರಿಂದ 1981ರ ಡಿಸೆಂಬರ್ 6ರ ತನಕ, ನಡುರಾತ್ರಿ ಕಳೆದು ಎರಡಕ್ಕೆ ಶುರುವಾಗಿ ಬೆಳಗಿನ ಎಂಟರವರೆಗೆ ಕುಣಿತ. ನಮ್ಮ ಕರಾವಳಿಯ ಯಕ್ಷಗಾನದ ಆಟ ಬೆಳಗಿಗೆ ಮಂಗಳ ಹಾಡಿ ಮುಗಿಯುವ ಹಾಗೆ ಅಲ್ಲಿ ಕೊನೆಗೆ ಮೂರೇ ಹಾಡು, ಪ್ರತಿ ಸಲವೂ ಅವೇ. 'ಎಂಟಕ್ಕೆ ಮುಂಚಿನ ಮೂರು' ಎಂದೇ ಅವಕ್ಕೆ ಹೆಸರು. ಮೂರನೆಯದನ್ನು ಹಾಡಿದವನು ಡೀನ್ ಪ್ಯಾರಿಷ್. ತನ್ನ ಹಾಡು ಕಡಲಾಚೆ ಸಾವಿರಾರು ಜನರನ್ನು ಬೆಳಗಿನ ಬೆಳಕಿಗೆ ಬೀಳ್ಕೊಡುತ್ತಿದ್ದುದು ಅವನಿಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ನಗರಸಭೆಯ ಕಚೇರಿಯನ್ನು ವಿಸ್ತರಿಸಬೇಕೆಂದು ಕ್ಯಾಸಿನೋ ಮುಚ್ಚಿಸಿದರು. ಕಚೇರಿ ವಿಸ್ತರಣೆ ಆಗಲೇ ಇಲ್ಲ.

ನ್ಯಾಯವಾಗಿ ಇದನ್ನೂ ಹೇಳಬೇಕು. ಹೆಸರು ಮುಚ್ಚಿದ ಬಳಗವೇ ಮುಂದೆ ಹೆಸರು ಬಿಚ್ಚುವುದಕ್ಕೂ ನಿಂತಿತು. 1982ರಲ್ಲಿ ಶುರುವಾದ ಕೆಂಟ್ ಎಂಬ ಸಂಸ್ಥೆ ಈ ಹಳೆಯ ಹಾಡುಗಳನ್ನು ಕಾನೂನುಬದ್ಧವಾಗಿ ಮರುಮುದ್ರಿಸಿ, ಹಾಡಿದವರು, ಬರೆದವರ ವಿವರಗಳನ್ನೆಲ್ಲ ಅಚ್ಚುಹಾಕಿತು. ಅಭಿಮಾನಿಗಳು ಮುಪ್ಪಿನ ಗಾಯಕರನ್ನು ಹುಡುಕಿ ಬ್ರಿಟನ್ನಿಗೆ ಕರೆಸಿ ವೇದಿಕೆಗೆ ಹತ್ತಿಸಿದರು. ತಮ್ಮೂರಿನಲ್ಲೇ ಯಾರೂ ಗುರುತಿಸದ ಹಾಡನ್ನು ಎದುರಿನ ನೂರಾರು ಬಿಳಿ ಮುಖಗಳು ಅಕ್ಷರ ಬಿಡದೆ ಹಾಡುವುದನ್ನು ಕಂಡು ಅವರು ಬೆರಗಾದರು. ಇದು ಪ್ರಾಯಶ್ಚಿತ್ತವೋ, ಆ ಪ್ರೀತಿಯೇ ಹಣ್ಣಾದದ್ದೋ, ಬೇರ್ಪಡಿಸಿ ಹೇಳಲು ನನಗೆ ಬರುವುದಿಲ್ಲ.

ಹೆಸರು ಮುಚ್ಚಿದವರನ್ನು ಪ್ರಶ್ನಿಸುವ ಯೋಗ್ಯತೆ ನನಗೆಷ್ಟಿದೆ ಎಂಬುದನ್ನೂ ಒಪ್ಪಿಸಿಬಿಡುತ್ತೇನೆ. ಒಮ್ಮೆ ಗೆಳೆಯರ ವಾಟ್ಸಾಪ್ ಗುಂಪಿಗೆ ಶರೀಫರ ತತ್ವಪದವೊಂದನ್ನು ಕಳಿಸಿದೆ. ಯಾರೋ ಹೆಣ್ಣುಮಗಳು ಏಕತಾರಿ ಹಿಡಿದು ಹಾಡಿದ್ದು, ದನಿ ಎದೆಗೆ ಇಳಿಯುವಂತಿತ್ತು. ಹಿರಿಯರೊಬ್ಬರು, 'ಹಾಡಿದ್ದು ಯಾರಪ್ಪಾ?' ಎಂದು ಕೇಳಿದರು. 'ಗೊತ್ತಿಲ್ಲ ಸರ್, ಚೆನ್ನಾಗಿದೆ ಅಲ್ವಾ?' ಎಂದು ಬರೆದು ಸುಮ್ಮನಾದೆ. ಬರೆದವರು ಅಂಕಿತದೊಳಗೆ ಉಳಿದುಕೊಂಡಿದ್ದರು. ಹಾಡಿದವಳು ಎಲ್ಲಿಯೂ ಇರಲಿಲ್ಲ. 'ಚೆನ್ನಾಗಿದೆ' ಎಂಬ ನನ್ನ ಮಾತೇ ಅವಳ ಹೆಸರಿನ ಮೇಲೆ ಅಂಟಿದ ಬಿಳಿ ಕಾಗದ.

ನಮ್ಮ ದಾಸರು, ವಚನಕಾರರು ಅಂಕಿತವನ್ನು ಹಾಡಿನ ಒಳಗೇ ಹೆಣೆದಿದ್ದರಿಂದ ಅದನ್ನು ಕೆರೆದು ತೆಗೆಯುವುದು ಸುಲಭವಲ್ಲ. ಗ್ರಾಮಫೋನಿನ ಮೊದಲ ದಿನಗಳಲ್ಲಿ, ಹಾಡಿನೊಳಗೇ ಹೆಸರು ಕೂರಿಸುವ ಕೆಲಸವನ್ನು ಬೇರೊಂದು ಕಾರಣಕ್ಕೆ ಮಾಡಿದವರು ಗಾಯಕಿ ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಹಾಡನ್ನು ಧ್ವನಿಮುದ್ರಿಸಿದಾಗ, ತಟ್ಟೆ ಒತ್ತುವುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಲ್ಲ, ಅದಕ್ಕಾಗಿ ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಲೇಬಲ್ಲಿನ ಮೇಲೆ ಕಾಗದ ಅಂಟಿಸಬಹುದು, ಹಾಡಿನ ಕೊನೆಯ ಗೀರಿನಲ್ಲಿ ಕೂತ ಹೆಸರಿಗೆ ಏನನ್ನು ಅಂಟಿಸುವುದು? ಕೊನೆಗಾಲದಲ್ಲಿ ಅವರು ಮೈಸೂರಿಗೆ ಬಂದರು; ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡಿದ್ದರು. 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ಅವರ ಹಳೆಯ ತಟ್ಟೆಗಳು ಈಗ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತವೆ. ಮೂರೇ ನಿಮಿಷ, ನಡುವೆ ನಿಲ್ಲಿಸದೆ ಕೇಳಿ. ಕೊನೆಯಲ್ಲಿ ಹೆಸರು ಹೇಳುತ್ತಾರೆ.